ಗೇರ್ ಬೀಳುತ್ತಿಲ್ಲವೇ? ಮೊದಲು ಕ್ಲಚ್ ನೋಡಿ

ಕೊಯಮತ್ತೂರು: ಆಳಿಯಾರಿನಿಂದ ವಾಲ್ಪಾರೈಗೆ 40 ಹೇರ್‌ಪಿನ್ ತಿರುವು. ಕ್ಲಚ್‌ನ ದೋಷ ಬಯಲಾಗುವುದು ಇಂಥ ಘಾಟಿಯಲ್ಲೇ. ಏರಿನಲ್ಲಿ ಎಂಜಿನ್ ಅಬ್ಬರಿಸಿದರೂ ಕಾರು ವೇಗ ಪಡೆಯದೆ ಸುಟ್ಟ ವಾಸನೆ ಬಂದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಅಂಥ ಕಾರಿನಲ್ಲಿ ಇಳಿಯುವುದು ಇನ್ನೂ ಅಪಾಯ, ಎಂಜಿನ್ ಹಿಡಿತ ನಂಬುವಂತಿಲ್ಲ.

ಗೇರ್ ಬೀಳದಿದ್ದರೆ ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಕ್ಲಚ್ ಪೂರ್ತಿ ತುಳಿದು ಪರೀಕ್ಷಿಸಿ. ಎಂಜಿನ್ ಆಫ್ ಇದ್ದಾಗ ಸಲೀಸಾಗಿ ಬೀಳುವ ಗೇರ್, ಆನ್ ಆದಾಗ ಮಾತ್ರ ಬೀಳದಿದ್ದರೆ ಕ್ಲಚ್ ಸರಿಯಾಗಿ ಬಿಡುತ್ತಿಲ್ಲ. ಕೇಬಲ್ ಸಡಿಲವಾಗಿರಬಹುದು, ಹೈಡ್ರಾಲಿಕ್ ಆಗಿದ್ದರೆ ಆಯಿಲ್ ಸೋರಿರಬಹುದು, ಗಾಳಿ ಸೇರಿರಬಹುದು. ಇಷ್ಟಕ್ಕೇ ಗೇರ್‌ಬಾಕ್ಸ್ ಬಿಚ್ಚಿಸುವುದು ದಂಡದ ಖರ್ಚು. ಎರಡೂ ಸ್ಥಿತಿಯಲ್ಲಿ ಬಿಗಿಯಿದ್ದರೆ ಗೇರ್ ಲಿವರ್‌ನ ಜೋಡಣೆ ನೋಡಿಸಿ. ಒಂದೇ ಗೇರ್ ಕರಕರ ಎಂದರೆ ಮಾತ್ರ ಒಳಗಿನ ಸಿಂಕ್ರೊನೈಜರ್ ಮೇಲೆ ಅನುಮಾನ.