ಕೂಗಿ ಕರೆಯುವುದು, ಬರೆದಿಡುವುದು

ಕೊಡಗಿನ ಸಂಘಸಂಸ್ಥೆಗಳಿಗೆ ಫೇಸ್‌ಬುಕ್, ವಾಟ್ಸ್ಆ್ಯಪ್ ಇಷ್ಟು ಬೇಗ ಒಗ್ಗಿದ್ದಕ್ಕೆ ಮೊಬೈಲ್ ಅಗ್ಗವಾದದ್ದು ಅರ್ಧ ಕಾರಣ ಅಷ್ಟೇ. ಜನರನ್ನು ಸೇರಿಸುವ ಜಾಲ ಇಲ್ಲಿ ಮೊದಲೇ ಇತ್ತು. ಒಕ್ಕಕ್ಕೊಂದು, ಅಂದರೆ ಕೊಡವ ಮನೆತನಕ್ಕೊಂದು, ಐನ್‌ಮನೆ ಎಂಬ ಮೂಲಮನೆ, ಒಕ್ಕದ ಪರವಾಗಿ ಮದುವೆಯಲ್ಲಿ ಮಾತಾಡುವ ಅರುವ, ಊರಿಗೊಂದು ಮಂದ್ ಎಂಬ ಬಯಲು, ಊರು ಬಿಟ್ಟು ಬೆಂಗಳೂರು, ಮೈಸೂರು ಸೇರಿದವರಿಗೆ ಅಲ್ಲಲ್ಲೇ ಕೊಡವ ಸಮಾಜ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಹಾಕಿ ನಮ್ಮೆ (ಹಬ್ಬ) ಶುರುಮಾಡಿದಾಗ 60 ಒಕ್ಕಗಳ ತಂಡಗಳು ಬಂದವು. ಫೇಸ್‌ಬುಕ್ ಹುಟ್ಟಲು ಇನ್ನೂ ಏಳು ವರ್ಷವಿತ್ತು. ವರ್ಷಕ್ಕೊಂದು ಒಕ್ಕ ಹೊಣೆ ಹೊರುವ ಆ ನಮ್ಮೆಗೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಾದವು. ಸುದ್ದಿ ಹರಡುವುದು ಈಗ ಸಲೀಸು, ನಿಜ. ಆದರೆ ತಂಡ ಕಟ್ಟುವುದು ಇವತ್ತಿಗೂ ಒಕ್ಕವೇ. ಹಾಗಾಗಿ ಕೂಗಿ ಕರೆಯುವ ಕೆಲಸದಲ್ಲಿ ಹೊಸ ಸಾಧನಗಳು ಕೊಡಗಿಗೆ ಕೊಟ್ಟದ್ದು ವೇಗ. ಇಲ್ಲಿನ ಸಂಸ್ಥೆಗಳು ಹಿಂದುಳಿದಿರುವುದು ಬರೆದಿಡುವ ಕೆಲಸದಲ್ಲಿ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶದ ಅಗತ್ಯವಿರುವುದೂ ಅಲ್ಲಿಯೇ.

ಬರೆದಿಡುವುದಕ್ಕೂ ಇಲ್ಲಿ ಒಂದು ಹಳೆಯ ಮಾದರಿ ಇದೆ. ಪೊಲೀಸ್ ಅಧಿಕಾರಿಯಾಗಿದ್ದ ನಡಿಕೇರಿಯಂಡ ಚಿಣ್ಣಪ್ಪ ದುಡಿ ವಾದ್ಯ ಹಿಡಿದು ಹಾಡುವವರ ಬಾಯಿಂದ ಹಾಡು, ಗಾದೆ, ಪದ್ಧತಿಗಳನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಅಚ್ಚು ಹಾಕಿಸಿದರು. ಕೊಡವ ತಕ್ಕನ್ನು, ಅಂದರೆ ಕೊಡವ ಭಾಷೆಯನ್ನು, ಕನ್ನಡ ಲಿಪಿಯಲ್ಲಿ ಬರೆದದ್ದರಿಂದ ಕನ್ನಡ ಓದಬಲ್ಲ ಕೊಡವರಿಗೆಲ್ಲ ಅದು ದಕ್ಕಿತು. ನಡಿಕೇರಿಯಂಡ ಚಿಣ್ಣಪ್ಪನವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ 2003ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಆಮೇಲೆ ಜಿಲ್ಲೆಯ ಐನ್‌ಮನೆಗಳನ್ನು ದಾಖಲಿಸಿ ಪುಸ್ತಕ ಮಾಡಿದರು, ಯಾರು ಬೇಕಾದರೂ ತೆರೆದು ನೋಡಬಹುದಾದ ಜಾಲತಾಣವನ್ನೂ ಮಾಡಿದರು. ನಂಜಮ್ಮ ಸಂಖ್ಯಾಶಾಸ್ತ್ರಜ್ಞೆ. ಎಲ್ಲ ಮನೆಗೂ ಒಂದೇ ಬಗೆಯ ಪ್ರಶ್ನೆ ಕೇಳಿ, ಉತ್ತರವನ್ನು ಅದರದರ ಕಲಂನಲ್ಲೇ ತುಂಬುವುದು ಅಂಥವರ ಅಭ್ಯಾಸ. ಐನ್‌ಮನೆಯ ಫೋಟೋಗಳು ಫೇಸ್‌ಬುಕ್‌ನಲ್ಲೂ ಬೇಕಾದಷ್ಟಿವೆ, ನೋಡಲು ಚೆಂದವೂ ಇವೆ. ಆದರೆ ಒಂದು ಮನೆ ಯಾವ ಒಕ್ಕದ್ದು, ಯಾವ ಊರಿನದು ಎಂದು ಮುಂದಿನ ವರ್ಷ ಹುಡುಕಲು ಹೊರಟರೆ ಕೈಗೆ ಏನೂ ಸಿಗದು.

ಕೂಗಿ ಕರೆಯುವುದಕ್ಕೂ ಬರೆದಿಡುವುದಕ್ಕೂ ಇರುವ ಈ ವ್ಯತ್ಯಾಸದ ಬೆಲೆ ಎಷ್ಟೆಂದು 2018ರ ಆಗಸ್ಟ್‌ನ ಮಳೆ ತೋರಿಸಿತು. ಮಕ್ಕಂದೂರು, ಮಾದಾಪುರ, ಜೋಡುಪಾಲದ ಕಡೆ ಗುಡ್ಡಗಳು ಜರಿದವು, ಮಡಿಕೇರಿ-ಮಂಗಳೂರು ಹೆದ್ದಾರಿ ತುಂಡಾಯಿತು. ಅಕ್ಕಿ, ಕಂಬಳಿ, ಔಷಧಿಗಾಗಿ ಕರೆಗಳು ವಾಟ್ಸ್ಆ್ಯಪ್‌ನಲ್ಲೂ ಹರಿದಾಡಿದವು. ಜನರೂ ಕೈಬಿಚ್ಚಿ ಕೊಟ್ಟರು. ಆದರೆ ಫಾರ್ವರ್ಡ್ ಆಗುವ ಸಂದೇಶಕ್ಕೆ ಮೂಲ ದಿನಾಂಕವಿಲ್ಲ, ಮುಗಿಯಿತು ಎನ್ನುವ ಗುರುತಿಲ್ಲ. ಸಿಕ್ಕಿಹಾಕಿಕೊಂಡವರು ಶಿಬಿರ ತಲುಪಿದ ಮೇಲೂ ಅವರನ್ನು ಕಾಪಾಡಿ ಎಂಬ ಮೊರೆ ಗುಂಪಿನಿಂದ ಗುಂಪಿಗೆ ಸುತ್ತುತ್ತಲೇ ಇರಬಹುದು. ಅದೇ ತಿಂಗಳು ಪಕ್ಕದ ಕೇರಳದಲ್ಲಿ ಸ್ವಯಂಸೇವಕರು ಸರ್ಕಾರದ ಜೊತೆ ಸೇರಿ ಕೇರಳ ರೆಸ್ಕ್ಯೂ ಎಂಬ ತಾಣ ಕಟ್ಟಿದರು. ಅದರ ಕೋಡ್ ಎಲ್ಲರಿಗೂ ತೆರೆದಿತ್ತು. ಅಲ್ಲಿ ಪ್ರತಿ ಮೊರೆಯೂ ಒಂದು ದಾಖಲೆ: ಎಲ್ಲಿದ್ದಾರೆ, ಏನು ಬೇಕು, ನೆರವು ತಲುಪಿತೇ. 2004ರ ಸುನಾಮಿಯ ನಂತರ ಶ್ರೀಲಂಕಾದಲ್ಲಿ ಹುಟ್ಟಿದ ಸಹನಾ, 2008ರಲ್ಲಿ ಕೀನ್ಯಾದಲ್ಲಿ ಹುಟ್ಟಿದ ಉಷಾಹಿದಿ ಕೂಡ ಇದೇ ಜಾತಿಯ ಮುಕ್ತ ತಂತ್ರಾಂಶಗಳು.

ತಂತ್ರಾಂಶ ಪುಕ್ಕಟೆ ಸಿಕ್ಕರೂ ಅದನ್ನು ನೋಡಿಕೊಳ್ಳುವವರು ಪುಕ್ಕಟೆ ಸಿಗುವುದಿಲ್ಲ ಎಂಬ ಆಕ್ಷೇಪವಿದೆ, ಸರಿಯಾದ ಆಕ್ಷೇಪವೇ. ಜಾಲತಾಣ ಕಟ್ಟುವ ವರ್ಡ್‌ಪ್ರೆಸ್‌ಗೆ ಹಣ ಕೊಡಬೇಕಿಲ್ಲ. ಆದರೆ ಡೊಮೇನ್ ನವೀಕರಿಸುತ್ತಿದ್ದ ಹುಡುಗ ಕೆಲಸ ಬಿಟ್ಟರೆ ಸಂಸ್ಥೆಯ ತಾಣ ಮುಚ್ಚಿಹೋಗುತ್ತದೆ, ಫೇಸ್‌ಬುಕ್ ಪುಟ ಹಾಗೇ ಉಳಿದಿರುತ್ತದೆ. ಹಾಗೆಂದು ಎಲ್ಲವನ್ನೂ ಆ ಪುಟಕ್ಕೆ ಒಪ್ಪಿಸಿ ಕೂತರೆ ಅದರ ಕೀಲಿಕೈ ಸಂಸ್ಥೆಯ ಹತ್ತಿರ ಇರುವುದಿಲ್ಲ. ಲಿಬ್ರೆ ಆಫೀಸಿನ ಒಂದು ಪಟ್ಟಿ, ಯೂನಿಕೋಡ್ ಕನ್ನಡದಲ್ಲಿ, ಮೂರು ಜನರ ಬಳಿ ಪ್ರತಿ: ಸಣ್ಣ ಸಂಸ್ಥೆಗೆ ಮೊದಲು ಇಷ್ಟಾದರೆ ಸಾಕು, ತಾಣ ಆಮೇಲೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ತೆರೆದಿಟ್ಟ ಮಾಹಿತಿ ಕೆಡುಕಿಗೂ ಒದಗುತ್ತದೆ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಒಂದೊಂದನ್ನೂ ಎಲ್ಲರಿಗೂ ತೆರೆದ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗುರುತಿಸಿದರೆ ಒತ್ತುವರಿಗೆ ಸಾಕ್ಷಿ ಸಿಗುತ್ತದೆ, ಮರಗಳ್ಳರಿಗೆ ದಾರಿಯೂ ಸಿಗುತ್ತದೆ. ಗಡಿಯನ್ನು ಬಹಿರಂಗವಾಗಿಟ್ಟು, ಒಳಗಿನ ಮರಗಳ ವಿವರವನ್ನು ಊರಿನವರ ಕೈಯಲ್ಲೇ ಬಿಡುವುದು ಲೇಸು. ತಂತ್ರಾಂಶ ಮುಕ್ತವಾಗಿದ್ದ ಮಾತ್ರಕ್ಕೆ ಮಾಹಿತಿಯೆಲ್ಲ ಮುಕ್ತವಾಗಬೇಕೆಂದೇನಿಲ್ಲ.

ಹಳೆಯ ಜಾಲವನ್ನು ಹೊಗಳುವಾಗ ಒಂದು ಮಾತು ಮರೆಯುವ ಹಾಗಿಲ್ಲ. ಯರವ, ಜೇನುಕುರುಬ ಆದಿವಾಸಿಗಳು, ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರು ಒಕ್ಕದ ಗುಂಪಿನಲ್ಲೂ ಇಲ್ಲ, ಸಮಾಜದ ಗುಂಪಿನಲ್ಲೂ ಇಲ್ಲ. ಒಕ್ಕದ ಮೇಲೆ ಕಟ್ಟಿದ ವಾಟ್ಸ್ಆ್ಯಪ್ ಗುಂಪು ಎಷ್ಟೇ ಚುರುಕಾಗಿದ್ದರೂ ಅವರ ಸುದ್ದಿ ಅದಕ್ಕೆ ತಲುಪುವುದು ಯಜಮಾನನ ಬಾಯಿಂದ. ಸಂಸ್ಥೆಗಾಗಿ ಮೇಲೆ ಹೇಳಿದಂಥ ಪಟ್ಟಿ ಮಾಡುವವರು ತೋಟದ ಹೆಸರಿನ ಪಕ್ಕ ಲೈನಿನಲ್ಲಿ ಎಷ್ಟು ಮಂದಿ ಇದ್ದಾರೆ, ಯಾರಿಗೆ ಫೋನ್ ಇದೆ ಎಂಬ ಎರಡು ಕಲಂ ಸೇರಿಸಿದರೆ, ಮುಂದಿನ ಮಳೆಗಾಲದಲ್ಲಿ ಅವರನ್ನು ನೇರವಾಗಿ ಕೇಳಬಹುದು.