ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ: 2023ರ ವಿಧಾನಸಭಾ ಚುನಾವಣೆಯ ಫಲಿತಾಂಶ

ಉತ್ತರ ಕನ್ನಡ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಎರಡು ವಿಧಾನಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿವೆ. ಹಳಿಯಾಳ, ದಾಂಡೇಲಿ, ಜೋಯಿಡಾ ಹಳಿಯಾಳ ಕ್ಷೇತ್ರಕ್ಕೆ ಸೇರಿದರೆ, ಮುಂಡಗೋಡ ಯಲ್ಲಾಪುರ ಕ್ಷೇತ್ರದ ಭಾಗ. 2023ರ ಮೇ 10ರಂದು ಮತದಾನ, ಮೇ 13ರಂದು ಎಣಿಕೆ ನಡೆಯಿತು. ಕಾಂಗ್ರೆಸ್ ರಾಜ್ಯದ 224 ಸ್ಥಾನಗಳಲ್ಲಿ 135 ಗೆದ್ದಿತು; ಬಿಜೆಪಿ 66ಕ್ಕೆ ಇಳಿಯಿತು. ಈ ಭಾಗದಲ್ಲಿ ಮಾತ್ರ ಆ ಅಲೆ ಕಾಣಲಿಲ್ಲ.

ಹಳಿಯಾಳದಲ್ಲಿ ಕಾಂಗ್ರೆಸ್ಸಿನ ಆರ್.ವಿ. ದೇಶಪಾಂಡೆ 57,240 ಮತ ಪಡೆದು, ಬಿಜೆಪಿಯ ಸುನೀಲ ಹೆಗಡೆ ಅವರನ್ನು 3,623 ಮತಗಳಿಂದ ಸೋಲಿಸಿದರು. 2018ರಲ್ಲೂ ಇದೇ ಇಬ್ಬರ ಹಣಾಹಣಿ. ಆಗಿನ ಅಂತರ 5,140. ರಾಜ್ಯದಲ್ಲಿ ಪಕ್ಷದ ಬಲ 80ರಿಂದ 135ಕ್ಕೆ ಏರಿದ ವರ್ಷವೇ ಇಲ್ಲಿ ಅದರ ಹಿರಿಯ ನಾಯಕನ ಅಂತರ ಕುಗ್ಗಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕಾಂಗ್ರೆಸ್ ತೊರೆದಿದ್ದ ಮಾಜಿ ವಿಧಾನ ಪರಿಷತ್ ಸದಸ್ಯ ಎಸ್.ಎಲ್. ಘೋಟ್ನೇಕರ ಜೆಡಿಎಸ್‌ನಿಂದ ನಿಂತು 28 ಸಾವಿರಕ್ಕೂ ಹೆಚ್ಚು ಮತ ಸೆಳೆದರು. ಅದು ಗೆಲುವಿನ ಅಂತರದ ಏಳು ಪಟ್ಟಿಗೂ ಮಿಗಿಲು. 1983ರಲ್ಲಿ ಜನತಾ ಪಕ್ಷದಿಂದ ಮೊದಲು ಗೆದ್ದ ದೇಶಪಾಂಡೆಯವರಿಗೆ ಇದು ಒಂಬತ್ತನೆಯ ಗೆಲುವು. ನಡುವೆ 2008ರಲ್ಲಿ ಅವರನ್ನು ಸೋಲಿಸಿದ್ದವರೂ ಆಗ ಜೆಡಿಎಸ್‌ನಲ್ಲಿದ್ದ ಇದೇ ಸುನೀಲ ಹೆಗಡೆ.

ಮುಂಡಗೋಡದ ಮತದಾರರ ಕಥೆ ಇನ್ನೂ ವಿಚಿತ್ರ. 2018ರಲ್ಲಿ ಕಾಂಗ್ರೆಸ್ಸಿನ ಶಿವರಾಮ ಹೆಬ್ಬಾರ, ಬಿಜೆಪಿಯ ವಿ.ಎಸ್. ಪಾಟೀಲರನ್ನು ಬರೀ 1,483 ಮತಗಳಿಂದ ಸೋಲಿಸಿದ್ದರು. ಮರುವರ್ಷ ಹೆಬ್ಬಾರ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿ, ಡಿಸೆಂಬರಿನ ಉಪಚುನಾವಣೆಯಲ್ಲಿ 31 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಪಾಟೀಲರು ಕಾಂಗ್ರೆಸ್ಸಿಗೆ ಬಂದರು. ಹೀಗೆ 2023ರ ಮತಯಂತ್ರದ ಮೇಲೆ ಐದು ವರ್ಷದ ಹಿಂದಿನ ಅವೇ ಎರಡು ಹೆಸರು, ಮುಂದಿನ ಚಿಹ್ನೆಗಳು ಮಾತ್ರ ಅದಲುಬದಲು: ಆಗ ಕೈ ಇದ್ದವರಿಗೆ ಈಗ ಕಮಲ, ಕಮಲ ಇದ್ದವರಿಗೆ ಕೈ. ಹೆಬ್ಬಾರ 74,699, ಪಾಟೀಲ 70,695, ಅಂತರ 4,004. ಪಕ್ಷ ಬದಲಾದರೂ ವ್ಯಕ್ತಿ ಬದಲಾಗಲಿಲ್ಲ. ಜಿಲ್ಲೆಯ ಆರು ಸ್ಥಾನಗಳಲ್ಲಿ ಕಾಂಗ್ರೆಸ್ ನಾಲ್ಕನ್ನು ಪಡೆದಾಗ ಬಿಜೆಪಿಗೆ ಉಳಿದದ್ದು ಯಲ್ಲಾಪುರ ಮತ್ತು ಕುಮಟಾ.

ಈ ಅಂಕಿಗಳ ಹಿಂದಿರುವ ಜನರನ್ನೂ ನೋಡಬೇಕು. ದಾಂಡೇಲಿ ಕಾಗದ ಕಾರ್ಖಾನೆಯ ಊರು. ಕಾರ್ಮಿಕರ ಕಾಲೊನಿಗಳಲ್ಲಿ ಮತಗಟ್ಟೆ ಕೂಗಳತೆಯಲ್ಲೇ ಇರುತ್ತದೆ. ಜೋಯಿಡಾದ ಕುಣಬಿ ಹಾಡಿಗಳಿಂದ ಒಂದು ಮತ ಹಾಕಲು ಕಾಡಿನ ದಾರಿ ಸವೆಸಬೇಕು. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಕುಣಬಿಗಳ ಬೇಡಿಕೆ ಪ್ರತಿ ಚುನಾವಣೆಯಲ್ಲೂ ಕೇಳಿಬರುತ್ತದೆ, ಫಲಿತಾಂಶದ ಮಾರನೆಯ ದಿನ ತಣ್ಣಗಾಗುತ್ತದೆ. ಹಳಿಯಾಳ, ಮುಂಡಗೋಡ ಎರಡೂ ಕಡೆ ಸಿದ್ದಿಗಳಿದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನಮಾನ ದೊರೆತಿದೆ. ಮುಂಡಗೋಡದ ಟಿಬೆಟನ್ ವಸತಿ 1966ರಲ್ಲಿ ಆರಂಭವಾಯಿತು. ಅಲ್ಲಿನವರಲ್ಲಿ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪೌರರು. ಅಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವಂತೆ ಚುನಾವಣಾ ಆಯೋಗ 2014ರಲ್ಲಿ ಸೂಚಿಸಿತು.

ಫಲಿತಾಂಶದ ನಂತರ ದೇಶಪಾಂಡೆ ಹಂಗಾಮಿ ಸ್ಪೀಕರ್ ಆಗಿ ಹೊಸ ಶಾಸಕರಿಗೆ ಪ್ರಮಾಣವಚನ ಬೋಧಿಸಿದರು. ಹೆಬ್ಬಾರರ ನಂಟು ಬಿಜೆಪಿಯೊಂದಿಗೆ ಬಾಳಲಿಲ್ಲ. 2025ರ ಮೇನಲ್ಲಿ ಪಕ್ಷ ಅವರನ್ನು ಆರು ವರ್ಷಗಳ ಕಾಲ ಉಚ್ಚಾಟಿಸಿತು.