ಬೇಸಿಗೆ ಹಿತ್ತಲು: ಕುಂದೂರು ಸೀಮೆ

ಹಾಸನ ಜಿಲ್ಲೆ ಆಲೂರು ತಾಲೂಕಿನ ಕುಂದೂರು ಹೋಬಳಿ ಮತ್ತು ಅದರ ಪಡುವಣಕ್ಕಿರುವ ಸಕಲೇಶಪುರದ ಗುಡ್ಡಗಳಲ್ಲಿ, ಫೆಬ್ರವರಿಯಿಂದ ಮೃಗಶಿರ ಮಳೆ ಹಿಡಿಯುವ ಜೂನ್ ಮೊದಲರ್ಧದವರೆಗೆ, ಮನೆಯ ಹಿಂದಿನ ಜಾಗದಲ್ಲಿ ಮನೆಮಟ್ಟಿಗೆ ನಡೆಯುವ ತರಕಾರಿ ಬೇಸಾಯ. ಹಿತ್ತಲು ಎಂಬ ಮಾತಿನ ಹಳೆಯ ರೂಪ ಪಿತ್ತಿಲ್. ಹಿಂದೆ, ಹಿಂಬದಿ ಎಂಬ ಮಾತುಗಳ ಬೇರೇ ಇದರ ಬೇರು. ಬಯಲುಸೀಮೆಯಲ್ಲಿ ಬೇಸಿಗೆ ತರಕಾರಿ ಎಂದರೆ ಬೇಸಿಗೆಯಲ್ಲಿ ತಿನ್ನುವ ತರಕಾರಿ. ಇಲ್ಲಿ ಅರ್ಧ ಮಾತ್ರ ಹಾಗೆ. ಉಳಿದರ್ಧ, ಬಿಸಿಲಿನಲ್ಲಿ ನೀರು ಹೊತ್ತು ಸಾಕಿ ಮಳೆಗಾಲದಲ್ಲಿ ತಿನ್ನುವಂಥದ್ದು. ಆರಿದ್ರೆ, ಪುನರ್ವಸು ಮಳೆ ಬಿಡದೆ ಹೊಡೆಯುವಾಗ ಬೆಂಡೆ, ಟೊಮೆಟೊದಂಥವು ಕೊಳೆತು ನಿಲ್ಲುತ್ತವೆ. ಆಗ ಒಲೆಯ ಮೇಲೆ ಏನಿರಬೇಕೆಂಬುದು ಏಪ್ರಿಲ್‌ನಲ್ಲೇ ತೀರ್ಮಾನವಾಗಿರುತ್ತದೆ.

ಕುಂದೂರು ಅರೆಮಲೆನಾಡು. ಪಶ್ಚಿಮಕ್ಕೆ ಘಟ್ಟದ ಅಂಚಿನಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ಪೂರ್ವಕ್ಕೆ ಹಾಸನ ಮುಟ್ಟುವಷ್ಟರಲ್ಲಿ 1,000ದ ಆಸುಪಾಸಿಗೆ ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವುದರಿಂದ ರಾತ್ರಿ ತಂಪು. ಹಗಲು ಮಾತ್ರ ಮಾರ್ಚ್, ಏಪ್ರಿಲ್‌ನಲ್ಲಿ ಒಣಗಾಳಿಯೊಂದಿಗೆ ಕಾಯುತ್ತದೆ. ಆದರೆ ಹಿತ್ತಲಿಗೆ ಬಿಸಿಲಿಗಿಂತ ದೊಡ್ಡ ತೊಡಕು ನೀರು. ಕಾಫಿಗೆ ಹೂ ಬರಿಸಲು ತೋಟಗಳಲ್ಲಿ ಸ್ಪ್ರಿಂಕ್ಲರ್ ತಿರುಗುವುದು ಫೆಬ್ರವರಿ, ಮಾರ್ಚ್‌ನಲ್ಲೇ. ಕೆರೆ, ಹಳ್ಳಗಳ ನೀರು ಆ ಕಡೆ ಹೋದಾಗ ಮನೆಬಾವಿಯ ಹಗ್ಗ ಉದ್ದವಾಗುತ್ತದೆ. ಇನ್ನೊಂದು ತೊಡಕು ಕೈಯಾಳು. ರೋಬಸ್ಟಾ ಕೊಯ್ಲು ಮುಗಿಯುವವರೆಗೆ ಹೆಂಗಸರಿಗೆ ಬಿಡುವಿಲ್ಲ. ಹಿತ್ತಲ ಕೆಲಸವೋ ಬಹುಮಟ್ಟಿಗೆ ಅವರದೇ. ಹಾಗಾಗಿ ಪುಸ್ತಕದಲ್ಲಿ ಜನವರಿ ಎಂದಿರುವ ಬಿತ್ತನೆ ಇಲ್ಲಿ ಒಂದು ತಿಂಗಳು ಜಾರುವುದುಂಟು. ಅದನ್ನು ಸೋಮಾರಿತನ ಎನ್ನುವವರು ಕಾಫಿ ಕುಯ್ದವರಲ್ಲ.

ಮೊದಲು ಬೀಳುವ ಬೀಜ ದಂಟು, ಹರಿವೆಯದು. ಇಪ್ಪತ್ತೈದು ಮೂವತ್ತು ದಿನಕ್ಕೆ ಸೊಪ್ಪು ಸಿಗುತ್ತದೆ. ಬೆಂಡೆ, ಸೌತೆ ಸುಮಾರು ನಲವತ್ತೈದು ದಿನಕ್ಕೆ, ಅಲಸಂದೆ ಇನ್ನೊಂದು ವಾರ ತಡವಾಗಿ ಬರುತ್ತವೆ. ಹಾಗಲ, ಪಡವಲದ ಬೀಜದ ಸಿಪ್ಪೆ ಗಟ್ಟಿ. ಅದನ್ನು ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಒಲೆಯ ಬದಿಯಲ್ಲಿಟ್ಟರೆ ಎರಡು ಮೂರು ದಿನಕ್ಕೆ ಬಿಳಿ ಮೂತಿ ಹೊರಬರುತ್ತದೆ. ಆ ಮೊಳಕೆ ಮುರಿಯದಂತೆ ಗುಣಿಗೆ ಇಳಿಸುವುದು ಮನೆಯ ಹಿರಿಯಳ ಪಾಲಿನ ಕೆಲಸ. ಗುಣಿಯ ಅಡಿಗೆ ಕೊಟ್ಟಿಗೆ ಗೊಬ್ಬರ, ಸುಡುಮಣ್ಣು, ಒಂದು ಹಿಡಿ ಬೂದಿ. ಮಳೆಗೆ ಸುಣ್ಣದಂಶ ತೊಳೆದುಹೋಗಿರುವ ಇಲ್ಲಿನ ಕೆಮ್ಮಣ್ಣು ಹುಳಿ ಗುಣದ್ದು. ಬೂದಿ ಹುಳುವಿಗೆ ಮದ್ದು ಎಂದೇ ಹಲವರು ತಿಳಿದಿದ್ದರೂ ಅದು ಮಾಡುವ ದೊಡ್ಡ ಉಪಕಾರ ಆ ಹುಳಿಯನ್ನು ತಗ್ಗಿಸುವುದು.

ಮಳೆಗಾಲದ ಪಾಲಿನವು ಬೇರೆ: ಕೆಸ, ಸುವರ್ಣಗೆಡ್ಡೆ, ಬಸಳೆ, ಸೀಮೆಬದನೆ, ಬೂದುಗುಂಬಳ, ಬಣ್ಣದ ಸೌತೆ. ಕೆಸವನ್ನು ಬಚ್ಚಲ ನೀರು ಹರಿಯುವ ಕಾಲುವೆಯ ಪಕ್ಕ ನೆಡುತ್ತಾರೆ, ಅದಕ್ಕೆ ಬೇರೆ ನೀರು ಬೇಡ. ಬಸಳೆಯ ಚಪ್ಪರವೂ ಅಲ್ಲೇ ಹತ್ತಿರ. ಸೀಮೆಬದನೆ ಮೆಕ್ಸಿಕೋ ಕಡೆಯ ಬಳ್ಳಿ, ಹೊರಗಿನಿಂದ ಬಂದದ್ದೆಂದು ಹೆಸರಿನ ಸೀಮೆಯೇ ಹೇಳುತ್ತದೆ. ಇಲ್ಲಿನ ಹಾಲುವಾಣದ ಮರಕ್ಕೆ ಹಬ್ಬಿಕೊಂಡು ಈಗ ಮಲೆನಾಡಿನದೇ ಎಂಬಂತಿದೆ. ಬೆಳೆದ ಬಣ್ಣದ ಸೌತೆಯನ್ನು ತೊಟ್ಟಿನ ಸಮೇತ ಕೊಯ್ದು ಬಾಳೆನಾರಿನಲ್ಲಿ ಕಟ್ಟಿ ಜಂತೆಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡದು. ಬೂದುಗುಂಬಳವೂ ಹಾಗೆಯೇ ಉಳಿಯುತ್ತದೆ, ಅದರಲ್ಲೊಂದಷ್ಟು ಮೇ ಬಿಸಿಲಿಗೆ ಸಂಡಿಗೆಯಾಗುತ್ತದೆ.

ನೀರು ಹಾಕುವುದರಲ್ಲಿ ಹೊಸಬರು ಮಾಡುವ ತಪ್ಪು ಒಂದೇ: ದಿನವೂ ಮೇಲೆ ಮೇಲೆ ಚಿಮುಕಿಸುವುದು. ಮೇಲ್ಮಣ್ಣಷ್ಟೇ ನೆನೆದರೆ ಬೇರು ಮೇಲೆಯೇ ಹರಡಿ, ಒಂದು ದಿನ ನೀರು ತಪ್ಪಿದರೂ ಗಿಡ ಬಾಡುತ್ತದೆ. ಪಾತಿ ತುಂಬಿ ಇಂಗುವಂತೆ ಎರಡು ಮೂರು ದಿನಕ್ಕೊಮ್ಮೆ ಕೊಟ್ಟರೆ ಬೇರು ಕೆಳಗಿಳಿಯುತ್ತದೆ. ಮಧ್ಯಾಹ್ನ ಸೌತೆಯ ಎಲೆ ಜೋಲುಬಿದ್ದಿತೆಂದು ಕೊಡ ಎತ್ತಿಕೊಂಡು ಓಡಬೇಕಿಲ್ಲ. ಅಗಲ ಎಲೆಯ ಗಿಡಗಳು ಬಿಸಿಲಿಗೆ ಹೀಗೆ ಸೊರಗಿ ಸಂಜೆ ತಾವೇ ಎದ್ದು ನಿಲ್ಲುತ್ತವೆ. ಬೆಳಗ್ಗೆಯೂ ಜೋತಿದ್ದರೆ ಅದು ನಿಜವಾದ ಬಾಯಾರಿಕೆ. ನೀರು ತೀರ ಕಡಿಮೆಯಿದ್ದವರಿಗೆ ಮಡಕೆಯ ದಾರಿಯಿದೆ: ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕುತ್ತಿಗೆಮಟ್ಟ ಹೂತು, ಸುತ್ತ ನಾಲ್ಕು ಬಳ್ಳಿ ನೆಟ್ಟು, ನೀರು ತುಂಬಿ ಬಾಯಿ ಮುಚ್ಚುವುದು. ಮಣ್ಣು ಒಣಗಿದಷ್ಟೂ ಮಡಕೆ ಜಿನುಗುತ್ತದೆ. ಕ್ರಿ.ಪೂ. 1ನೇ ಶತಮಾನದ ಚೀನಾದ ಫಾನ್ ಷೆಂಗ್‌ಝಿಯ ಕೃಷಿಗ್ರಂಥದಲ್ಲಿ ಇದರ ವಿವರವಿದೆ.

ನೀರು ಉಳಿಸುವುದರಲ್ಲಿ ಕುಂದೂರಿನವರಿಗೆ ತೋಟವೇ ಆಸರೆ. ಸಿಲ್ವರ್ ಓಕ್, ಹಲಸು, ಕಾಫಿಯ ತರಗು ಫೆಬ್ರವರಿಯಿಂದ ಕಾಲಡಿ ಸಿಗುತ್ತದೆ. ನಾಲ್ಕು ಬೆರಳು ದಪ್ಪ ಮುಚ್ಚಿಗೆ ಹಾಕಿದ ಪಾತಿಗೆ ಕೈಯಿಟ್ಟು ನೋಡಿದರೆ ಮೂರನೆಯ ದಿನವೂ ತಣ್ಣಗಿರುತ್ತದೆ. ತರಗನ್ನು ಬುಡಕ್ಕೆ ಒತ್ತಿ ತುಂಬದೆ ಒಂದು ಗೇಣು ಬಿಡಬೇಕು. ಬುಡಕ್ಕೆ ತಾಗಿದ ತರಗು ಗೆದ್ದಲಿಗೆ ನೇರ ಸೇತುವೆ. ಹಸಿ ಕಾಫಿ ಸಿಪ್ಪೆಯನ್ನು ಮಾತ್ರ ಹಾಗೆಯೇ ಬಳಸಬಾರದು, ತಿಪ್ಪೆಯಲ್ಲಿ ಕೊಳೆತ ಮೇಲೆಯೇ ಅದು ಗೊಬ್ಬರ.

ಬಳ್ಳಿ ತುಂಬ ಹೂವಿದ್ದೂ ಕಾಯಿಲ್ಲ ಎಂಬುದು ಸಿಹಿಗುಂಬಳದ ಮೇಲಿನ ಹಳೆಯ ದೂರು. ಬಿಸಿಲು ಹೆಚ್ಚಿದಾಗ ಗಂಡುಹೂಗಳೇ ಹೆಚ್ಚು ಬರುತ್ತವೆ. ತೊಟ್ಟು ಸಣಕಲಾಗಿದ್ದರೆ ಅದು ಗಂಡು, ಹೂವಿನ ಕೆಳಗೆ ಗೋಲಿಯಂಥ ಮರಿಗಾಯಿಯಿದ್ದರೆ ಹೆಣ್ಣು. ಕಾಫಿ ಹೂವಿನ ಹೊತ್ತಿಗೆ ಜೇನ್ನೊಣಗಳು ಹಿತ್ತಲನ್ನು ಮರೆತು ತೋಟ ಸೇರುವುದೂ ಇದೆ. ಆಗ ಬೆಳಗ್ಗೆ ಎಂಟರೊಳಗೆ ಗಂಡುಹೂವೊಂದನ್ನು ಕಿತ್ತು, ದಳ ಬಿಡಿಸಿ, ಒಳಗಿನ ಹಳದಿ ದಂಡನ್ನು ಹೆಣ್ಣುಹೂವಿನ ಶಲಾಕಾಗ್ರಕ್ಕೆ ಮೆಲ್ಲನೆ ಒರೆಸಿದರೆ ಸಾಕು. ಹೂ ಮುದುಡಿದ ಮೇಲೆ ಒರೆಸಿ ಫಲವಿಲ್ಲ.

ಬೇಸಿಗೆಯ ಶತ್ರುಗಳಲ್ಲಿ ಹಣ್ಣುನೊಣ ಮೊದಲನೆಯದು. ಹಾಗಲ, ಸೌತೆ, ಹೀರೆಯ ಎಳೆಗಾಯಿಗೆ ಚುಚ್ಚಿ ಮೊಟ್ಟೆಯಿಡುತ್ತದೆ. ಕಾಯಿ ಸೊಟ್ಟಗಾಗಿ ಒಳಗೆ ಕೊಳೆಯುತ್ತದೆ. ಅಂಥ ಕಾಯನ್ನು ಬೇಲಿಯಾಚೆ ಎಸೆಯುವುದು ನೊಣ ಸಾಕಿದಂತೆಯೇ, ಏಕೆಂದರೆ ಹುಳು ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ಬರುತ್ತದೆ. ಆಳಕ್ಕೆ ಹೂಳಬೇಕು, ಇಲ್ಲವೇ ಕಾಯಿ ಬೆರಳುದ್ದವಿರುವಾಗಲೇ ಕಾಗದದ ಚೀಲ ಕಟ್ಟಬೇಕು. ಬೆಂಡೆಯ ಎಲೆನರ ಹಳದಿಯಾಗುವುದು ಬಿಳಿನೊಣ ಹರಡುವ ನಂಜುರೋಗ. ಅಂಥ ಗಿಡ ಕಿತ್ತೆಸೆಯುವುದಲ್ಲದೆ ಬೇರೆ ದಾರಿಯಿಲ್ಲ. ಇದನ್ನು ತಡೆದುಕೊಳ್ಳಲೆಂದೇ ಬಂದ ತಳಿ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ. ಮೆಣಸಿನ ಎಲೆ ಮುಟುರುವುದು ಥ್ರಿಪ್ಸ್ ಮತ್ತು ನುಸಿಯಿಂದ. ಜೀರಿಗೆ ಮೆಣಸು ಮಾತ್ರ ಬೇಲಿಯಂಚಿನಲ್ಲಿ ತಾನೇ ಹುಟ್ಟಿ ಯಾರ ಹಂಗೂ ಇಲ್ಲದೆ ಇರುತ್ತದೆ.

ಮಂಗ, ನವಿಲು, ಹಂದಿ, ಗೆಡ್ಡೆ ಅಗೆಯುವ ಮುಳ್ಳುಹಂದಿ ಎಲ್ಲ ಮಲೆನಾಡಿಗೂ ಸಮಾನ. ಆಲೂರು, ಸಕಲೇಶಪುರದ ಹಿತ್ತಲಿಗೆ ಹೆಚ್ಚಿನ ಅತಿಥಿ ಆನೆ. ಹೈಕೋರ್ಟಿನ ಸೂಚನೆಯಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರ ವರದಿಯಲ್ಲಿ ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಲು ಶಿಫಾರಸು ಮಾಡಿತು. ಆನೆಗಳನ್ನು ಹಿಡಿದದ್ದೂ ಆಯಿತು, ಬರುವುದು ನಿಲ್ಲಲಿಲ್ಲ. ಏಪ್ರಿಲ್ ನಂತರ ಹಲಸಿನ ವಾಸನೆಗೆ ಮನೆಯಂಗಳಕ್ಕೇ ಬರುವ ಆನೆ ಹಲಸಿನ ಜೊತೆ ಬಾಳೆ, ಬಸಳೆ ಚಪ್ಪರ ಎಲ್ಲವನ್ನೂ ತುಳಿದು ಹೋಗುತ್ತದೆ. ಮರದಲ್ಲಿ ಹಣ್ಣಾಗಲು ಬಿಡದೆ ಎಳೆಹಲಸನ್ನೇ ಇಳಿಸುವುದು ಇಲ್ಲಿನ ಹಲವರು ಕಂಡುಕೊಂಡ ಉಪಾಯ. ಹಪ್ಪಳ, ಪಲ್ಯಕ್ಕೆ ಕಾಯಿ ಹೇರಳವಾಗಿ ಸಿಗುವುದು ಅದರ ಒಂದು ಲಾಭ.

ಮಲೆನಾಡಿನ ಹಿತ್ತಲ ಬೀಜಗಳನ್ನು ಉಳಿಸುವ ಸಂಘಟಿತ ಕೆಲಸ ನಡೆದಿರುವುದು ಉತ್ತರ ಕನ್ನಡದ ಶಿರಸಿಯಲ್ಲಿ. ಅಲ್ಲಿನ ‘ವನಸ್ತ್ರೀ’ ಬಳಗದ ಹೆಂಗಸರು ತಮ್ಮ ಹಿತ್ತಲಿನ ಬೀಜ, ಗೆಡ್ಡೆಗಳನ್ನು ಉಳಿಸಿ ಹಂಚಿಕೊಳ್ಳುತ್ತಾರೆ. ಕುಂದೂರಿನಲ್ಲಿ ಆ ಕೆಲಸ ಇನ್ನೂ ಅಟ್ಟದ ಮೇಲೆಯೇ. ಮೊದಲ ಫಸಲಿನ ಒಳ್ಳೆಯ ಕಾಯೊಂದನ್ನು ಕೊಯ್ಯದೆ ಬಳ್ಳಿಯಲ್ಲೇ ಬಲಿಯಲು ಬಿಟ್ಟು, ಅದರ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸುತ್ತಾರೆ. ಹೀರೆ ಒಣಗಿದ ಬುರುಡೆಯಲ್ಲೇ ಉಳಿಯುತ್ತದೆ. ಒಲೆಯ ಹೊಗೆ ಹುಳು ತಡೆಯುತ್ತದೆ. ಗ್ಯಾಸ್ ಬಂದ ಮನೆಗಳಲ್ಲಿ ಈಗ ಬೀಜ ಬಾಟಲಿಗೆ ಇಳಿದಿದೆ, ಜೊತೆಗೊಂದಿಷ್ಟು ಬೇವಿನೆಲೆ.

ಅಶ್ವಿನಿ, ಭರಣಿ ಮಳೆಗಳು ಬಂದವೆಂದರೆ ನೀರು ಹೊರುವ ಕೆಲಸಕ್ಕೆ ರಜೆ. ಆದರೆ ಜೊತೆಗೆ ಬರುವ ಆಲಿಕಲ್ಲು ಐದು ನಿಮಿಷದಲ್ಲಿ ಬಸಳೆಯ ಎಲೆಯನ್ನೆಲ್ಲ ಜರಡಿ ಮಾಡುವುದೂ ಇದೆ. ರೋಹಿಣಿಯ ಹೊತ್ತಿಗೆ ಪಾತಿಗಳನ್ನು ಒಡೆದು ಬುಡಕ್ಕೆ ಮಣ್ಣೇರಿಸಿ ದಿಬ್ಬ ಮಾಡುತ್ತಾರೆ. ನೀರು ನಿಲ್ಲಿಸಲು ಕಟ್ಟಿದ ಬದುವೇ ಇನ್ನು ಬೇರು ಕೊಳೆಸುತ್ತದೆ. ಬೆಂಡೆಯ ಮುದಿಗಿಡ ಕಿತ್ತು ತಿಪ್ಪೆ ಸೇರುತ್ತದೆ. ಕೆಸದ ಎಲೆ ಅಷ್ಟರಲ್ಲಿ ಮೊರದಗಲವಾಗಿ, ಮೊದಲ ಪತ್ರೊಡೆಗೆ ಕಾದಿರುತ್ತದೆ.